ಗೊತ್ತಿಲ್ಲದೆ ಇರುವ ಸವಲತ್ತು

ಪಿಎಚ್.ಡಿ. ಯಾವುದರ ಮೇಲೆ ಎಂದು ಕೇಳಿದವರಿಗೆ ನಾನು ಒಂದೇ ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸುತ್ತೇನೆ: ದೊಡ್ಡ ಸಾಫ್ಟ್‌ವೇರ್ ಒಂದನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆಯುವುದು ಹೇಗೆ ಅನ್ನುವುದರ ಮೇಲೆ. ಸಾಹಿತ್ಯ ಓದುವ ಗೆಳೆಯರು ಇಲ್ಲಿಗೇ ಮಾತು ಬದಲಿಸುತ್ತಾರೆ. ಚಿಕ್ಕಪ್ಪ ಮಾತ್ರ "ಒಡೆಯೋದಕ್ಕೂ ಪಿಎಚ್.ಡಿ. ಬೇಕಾ?" ಎಂದು ನಕ್ಕಿದ್ದರು. ಬೇಕು. ಕೂಡುಕುಟುಂಬದ ಮನೆ ಪಾಲಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಮೀನನ್ನು ಅಳೆದು ಹಂಚಬಹುದು, ಪಾತ್ರೆಗಳನ್ನು ಎಣಿಸಿ ಹಂಚಬಹುದು. ಬಾವಿಯನ್ನು ಏನು ಮಾಡುತ್ತೀರಿ? ಪಾಲುಪತ್ರದಲ್ಲಿ ಹೆಚ್ಚು ತಲೆಕೆಡಿಸಿಕೊಂಡು ಬರೆದಿರುವ ಸಾಲುಗಳು ಬಾವಿಯ ನೀರಿನವು, ಮತ್ತು ಅಲ್ಲಿಗೆ ಹೋಗುವ ಕಾಲುದಾರಿಯವು.

ಸಂಶೋಧನೆಗೆ ಬರುವ ಮೊದಲು, 2018ರಿಂದ ಮೂರು ವರ್ಷ, ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಔಷಧಿಗಳ ಸಗಟು ವ್ಯಾಪಾರಿಗಳು ಬಳಸುವ ವೆಬ್ ಅಪ್ಲಿಕೇಶನ್ ಒಂದನ್ನು ನಾವು ಬರೆದು, ನಡೆಸುತ್ತಿದ್ದೆವು. ಮೆಡಿಕಲ್ ಶಾಪಿನವರ ಆರ್ಡರು, ಗೋಡೌನಿನ ದಾಸ್ತಾನು, ಬಿಲ್ಲು, ತೆರಿಗೆ, ಅವಧಿ ಮೀರಿದ ಮಾತ್ರೆಗಳ ವಾಪಸಾತಿ, ತಿಂಗಳ ಕೊನೆಯ ವರದಿ, ಯಾರು ಏನನ್ನು ನೋಡಬಹುದು ಎಂಬ ಅನುಮತಿ, ಎಲ್ಲವೂ ಒಂದರಲ್ಲೇ. ಒಂದರಲ್ಲೇ ಎಂದರೆ ನಿಜವಾಗಿಯೂ ಒಂದು ಫೈಲಿನಲ್ಲಿ. ಬಿಲ್ಲಿನ ಕೆಳಗೆ ಬರುವ 'ಧನ್ಯವಾದಗಳು' ಎಂಬ ಪದದ ಅಕ್ಷರ ದಪ್ಪ ಮಾಡಬೇಕೆಂದರೂ ಇಡೀ ಅಪ್ಲಿಕೇಶನ್ನನ್ನು ಮತ್ತೆ ಕಟ್ಟಿ, ರಾತ್ರಿ ಹನ್ನೊಂದರ ಮೇಲೆ ಸರ್ವರ್ ನಿಲ್ಲಿಸಿ, ಹೊಸದನ್ನು ಏರಿಸಿ, ಬೆಳಗ್ಗೆ ಗೋಡೌನ್ ತೆರೆಯುವ ಹೊತ್ತಿಗೆ ಎಲ್ಲ ಸರಿಯಿದೆಯೇ ಎಂದು ಕಾದು ನೋಡಬೇಕಿತ್ತು. ದಪ್ಪ ಅಕ್ಷರದ ಆಸೆಯಿಂದ ದಾಸ್ತಾನಿನ ಲೆಕ್ಕ ಕೆಟ್ಟ ಉದಾಹರಣೆಗಳೂ ಇದ್ದವು. ಯಾಕೆ ಕೆಟ್ಟಿತು ಎಂದು ಪತ್ತೆ ಮಾಡುವುದೇ ನನ್ನ ಮೊದಲ ಆರು ತಿಂಗಳ ಕೆಲಸವಾಗಿತ್ತು.

ಜಾವಾ ಭಾಷೆಯ ಲೋಕದಲ್ಲಿ ಈ ಕಟ್ಟುಗಳಿಗೆ ಮೂರು ಹೆಸರು: ಜಾರ್, ವಾರ್, ಇಯರ್. ಜಾಡಿ, ಯುದ್ಧ, ಕಿವಿ ಎಂದು ಅನುವಾದಿಸಿ ನಗಬಹುದು, ನಾವು ನಕ್ಕಿದ್ದೇವೆ. ಅಸಲಿಗೆ ಮೂರೂ ಮಾಮೂಲಿ ಜಿಪ್ ಫೈಲುಗಳೇ. ಒಂದು ಕೆಲಸಕ್ಕೆ ಬೇಕಾದ ಕೋಡನ್ನು ಕಟ್ಟಿದರೆ ಜಾರ್, ಬ್ರೌಸರಿಗೆ ಕಾಣುವ ಪುಟಗಳನ್ನೂ ಸೇರಿಸಿ ಕಟ್ಟಿದರೆ ವಾರ್, ಇಂಥ ಹಲವು ಜಾರ್‌ಗಳನ್ನೂ ವಾರ್‌ಗಳನ್ನೂ ಒಂದು ದೊಡ್ಡ ಗಂಟಿಗೆ ಹಾಕಿದರೆ ಇಯರ್. ಗಂಟಿನೊಳಗೆ ಏನೇನಿದೆ ಎಂದು ಹೇಳುವ ಒಂದು ಚೀಟಿ, ಎಲ್ಲರೂ ಹಂಚಿಕೊಳ್ಳಬೇಕಾದ ಸಾಮಾನಿಗೆ ಒಂದು ಫೋಲ್ಡರು. ಕಟ್ಟುವುದು ಇಷ್ಟು ಸುಲಭ. ಹಾಗಾಗಿಯೇ ಹಲವರು ಕಟ್ಟಿದ ಕೂಡಲೇ ಒಡೆದಾಯಿತು ಎಂದುಕೊಳ್ಳುತ್ತಾರೆ.

ಇಲ್ಲೊಂದು ವಿಚಿತ್ರವಿದೆ, ಸಾಹಿತ್ಯದವರಿಗೆ ಇಷ್ಟವಾಗಬಹುದು. 'ಆರ್ಡರ್' ಎಂಬ ಒಂದು ಕ್ಲಾಸ್ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಅದರ ಒಂದು ಪ್ರತಿ ಈ ವಾರ್‌ನೊಳಗೆ, ಇನ್ನೊಂದು ಪ್ರತಿ ಆ ವಾರ್‌ನೊಳಗೆ ಕೂತಿದೆ. ಅಕ್ಷರ ಅಕ್ಷರವೂ ಒಂದೇ. ಆದರೆ ಇಲ್ಲಿಂದ ಅಲ್ಲಿಗೆ ಒಂದು ಆರ್ಡರನ್ನು ದಾಟಿಸಿದರೆ ಜಾವಾ ಒಪ್ಪುವುದಿಲ್ಲ. 'ಆರ್ಡರನ್ನು ಆರ್ಡರ್ ಆಗಿ ಪರಿಗಣಿಸಲಾಗದು' ಎಂಬ ಅರ್ಥದ ದೋಷಸಂದೇಶ ಎಸೆಯುತ್ತದೆ. ಮೊದಲ ಸಲ ಅದನ್ನು ನೋಡಿದವರು ತಮ್ಮ ಕಣ್ಣನ್ನು ಅನುಮಾನಿಸುತ್ತಾರೆ. ಕಾರಣ ಸರಳ: ಜಾವಾದಲ್ಲಿ ಕ್ಲಾಸಿನ ಗುರುತು ಹೆಸರಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಅದನ್ನು ಯಾವ ಲೋಡರ್ ನೆನಪಿಗೆ ತಂದಿತು ಎಂಬುದೂ ಸೇರುತ್ತದೆ. ಹೆಸರು ಒಂದೇ, ಮುಖ ಒಂದೇ, ಮನೆತನ ಬೇರೆ. ಎರಡೂ ಕಡೆ ಬೇಕಾದ್ದನ್ನು ಹಂಚಿಕೆಯ ಫೋಲ್ಡರಿನಲ್ಲಿ ಒಂದೇ ಪ್ರತಿ ಇಡುವುದು ಇದಕ್ಕೆ ಪರಿಹಾರ. ಆ ಪರಿಹಾರದಿಂದ ಇನ್ನೊಂದು ರೋಗ ಹುಟ್ಟುತ್ತದೆ. ಎಲ್ಲಿಡಬೇಕೆಂದು ತೋಚದ ಪ್ರತಿಯೊಂದೂ ಆ 'ಕಾಮನ್' ಫೋಲ್ಡರಿಗೆ ಬಂದು ಬೀಳುತ್ತದೆ. ಅದು ಮನೆಯ ಅಟ್ಟ ಇದ್ದ ಹಾಗೆ. ಅಟ್ಟ ತುಂಬಿದ ಪ್ರಾಜೆಕ್ಟು ಮೇಲೆ ನೋಡಲು ಒಡೆದಂತಿರುತ್ತದೆ, ಒಳಗೆ ಒಂದೇ.

ನಾನು ಸೇರುವ ಹೊತ್ತಿಗೆ ಒಡೆಯುವ ಯೋಜನೆಯೊಂದು ಆಗಲೇ ಗೋಡೆಯ ಮೇಲಿತ್ತು. ಪರದೆಯ ಕೋಡೆಲ್ಲ ಒಂದು ಪ್ಯಾಕೇಜು, ಲೆಕ್ಕಾಚಾರವೆಲ್ಲ ಇನ್ನೊಂದು, ಡೇಟಾಬೇಸಿನ ಜೊತೆ ಮಾತಾಡುವುದೆಲ್ಲ ಮತ್ತೊಂದು. ಹೊರಗಿನಿಂದ ನೋಡಿದರೆ ಬಹಳ ಅಚ್ಚುಕಟ್ಟು. ನಮ್ಮ ತಂಡದ ಹಿರಿಯರೊಬ್ಬರು, ಎಲ್ಲರೂ ಮೇಡಂ ಎಂದಷ್ಟೇ ಕರೆಯುತ್ತಿದ್ದೆವು, ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, "ಇನ್‌ವಾಯ್ಸಿಗೆ ಒಂದು ಹೊಸ ಕಾಲಂ ಸೇರಿಸಬೇಕು ಅಂದ್ರೆ ಎಷ್ಟು ಪ್ಯಾಕೇಜು ಮುಟ್ಟಬೇಕು?" ಎಂದು ಕೇಳಿದರು. ಮೂರೂ ಮುಟ್ಟಬೇಕಿತ್ತು. ದೋಸೆಯನ್ನು ಪದರ ಪದರವಾಗಿ ಬಿಡಿಸಿ ಮೂರು ಜನಕ್ಕೆ ಬಡಿಸಲು ಹೊರಟಂತಿತ್ತು ಅದು. ಯಾರ ಎಲೆಯ ಮೇಲೂ ದೋಸೆ ಬೀಳುವುದಿಲ್ಲ.

ಮೇಡಂ ಆ ಪ್ರಬಂಧ ಓದಿದ್ದರೋ ಇಲ್ಲವೋ, ಅವರ ಪ್ರಶ್ನೆ 1972ರದು. ಆ ವರ್ಷದ ಡಿಸೆಂಬರ್‌ನಲ್ಲಿ ಡೇವಿಡ್ ಪಾರ್ನಸ್ ಆರು ಪುಟಗಳ ಒಂದು ಲೇಖನ ಪ್ರಕಟಿಸಿದರು. ಒಂದು ವ್ಯವಸ್ಥೆಯನ್ನು ಮಾಡ್ಯೂಲುಗಳಾಗಿ ಒಡೆಯಲು ಯಾವ ಮಾನದಂಡ ಬಳಸಬೇಕು ಎಂಬುದೇ ಅದರ ವಿಷಯ. ನನ್ನ ಕ್ಷೇತ್ರದವರೆಲ್ಲ ಅದನ್ನು ಉಲ್ಲೇಖಿಸುತ್ತಾರೆ, ಪೂರ್ತಿ ಓದಿದವರು ಕಡಿಮೆ ಎಂಬ ಗುಮಾನಿ ನನಗಿದೆ. ಅಲ್ಲಿ ಅವರು ತೆಗೆದುಕೊಂಡ ಉದಾಹರಣೆ ಬ್ಯಾಂಕಿನದ್ದಲ್ಲ, ಕಾರ್ಖಾನೆಯದ್ದಲ್ಲ, ಪದಸೂಚಿಯದು. ಒಂದಷ್ಟು ಸಾಲುಗಳನ್ನು ಕೊಟ್ಟರೆ ಪ್ರತಿ ಸಾಲನ್ನೂ ಪದಪದವಾಗಿ ತಿರುಗಿಸಿ, ಹಾಗೆ ಬಂದ ಎಲ್ಲ ಸಾಲುಗಳನ್ನೂ ಅಕಾರಾದಿಯಾಗಿ ಜೋಡಿಸಿ ಕೊಡುವ ಪ್ರೋಗ್ರಾಮು. 'ಸಂಜೆಯ ಬಸ್ಸು ತಡವಾಯಿತು' ಎಂಬ ಸಾಲಿನಿಂದ 'ಬಸ್ಸು ತಡವಾಯಿತು ಸಂಜೆಯ', 'ತಡವಾಯಿತು ಸಂಜೆಯ ಬಸ್ಸು' ಹುಟ್ಟುತ್ತವೆ. ಹೀಗೆ ಜೋಡಿಸಿಟ್ಟರೆ ಯಾವ ಪದ ಯಾವ ಸಂದರ್ಭದಲ್ಲಿ ಬಂದಿದೆ ಎಂದು ಹುಡುಕಬಹುದು. ನಿಘಂಟು ಮಾಡುವವರಿಗೆ, ಹಳೆಯ ಪಠ್ಯಗಳ ಮೇಲೆ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು.

ಇದನ್ನು ಪಾರ್ನಸ್ ಎರಡು ರೀತಿಯಲ್ಲಿ ಒಡೆದು ತೋರಿಸುತ್ತಾರೆ. ಮೊದಲನೆಯದು ಎಲ್ಲರಿಗೂ ತಟ್ಟನೆ ಹೊಳೆಯುವಂಥದ್ದು, ಕೆಲಸ ನಡೆಯುವ ಕ್ರಮದಲ್ಲಿ: ಓದುವ ಭಾಗ, ತಿರುಗಿಸುವ ಭಾಗ, ಜೋಡಿಸುವ ಭಾಗ, ಮುದ್ರಿಸುವ ಭಾಗ. ಚೆನ್ನಾಗಿಯೇ ಇದೆ. ಆದರೆ ಸಾಲುಗಳನ್ನು ಕಂಪ್ಯೂಟರಿನ ನೆನಪಿನಲ್ಲಿ ಹೇಗೆ ಇಟ್ಟಿದ್ದೇವೆ ಎಂಬ ವಿಷಯ ನಾಲ್ಕೂ ಭಾಗಗಳಿಗೆ ಗೊತ್ತಿರಲೇಬೇಕು. ಇಡುವ ರೀತಿ ಬದಲಾದರೆ ನಾಲ್ಕನ್ನೂ ಬಿಚ್ಚಬೇಕು. ಎರಡನೆಯ ರೀತಿಯಲ್ಲಿ ಒಂದೊಂದು ಭಾಗವೂ ಒಂದೊಂದು ನಿರ್ಧಾರವನ್ನು ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಸಾಲುಗಳನ್ನು ಇಡುವ ಭಾಗಕ್ಕೆ ಮಾತ್ರ ಅವು ಹೇಗಿವೆ ಎಂದು ಗೊತ್ತು, ಉಳಿದವರು ಕೇಳಿ ಪಡೆಯಬೇಕು. ಅವರ ಸಲಹೆ ಇಷ್ಟು: ಕೆಲಸದ ಹಂತಗಳನ್ನು ನೋಡಿ ಒಡೆಯಬೇಡಿ, ಕಷ್ಟದ ನಿರ್ಧಾರಗಳ, ನಾಳೆ ಬದಲಾಗಬಹುದಾದ ನಿರ್ಧಾರಗಳ ಪಟ್ಟಿ ಮಾಡಿ, ಒಂದೊಂದನ್ನೂ ಒಂದೊಂದು ಮಾಡ್ಯೂಲಿನಲ್ಲಿ ಅಡಗಿಸಿ.

ಕನ್ನಡದಲ್ಲಿ ಇಂಥ ಪದಸೂಚಿ ಮಾಡಲು ಕೂತರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 'ಕ್ಷ' ಎಲ್ಲಿ ಬರಬೇಕು? ಶಾಲೆಯ ವರ್ಣಮಾಲೆಯ ಪಟಗಳಲ್ಲಿ ಅದನ್ನು 'ಳ'ದ ನಂತರ ಕೊನೆಯಲ್ಲಿ ಕೂರಿಸಿರುವುದನ್ನು ನೋಡಿದ್ದೇವೆ, ನಿಘಂಟಿನಲ್ಲಿ ಅದು 'ಕ'ದ ಒತ್ತಕ್ಷರವಾಗಿ 'ಕ'ದ ಅಡಿಯಲ್ಲೇ ಸಿಗುತ್ತದೆ. ಹಳಗನ್ನಡದ ಪಠ್ಯವಾದರೆ ಱ, ೞ ಬೇರೆ ಬರುತ್ತವೆ. ಇವತ್ತು ಒಂದು ಕ್ರಮ ಒಪ್ಪಿಕೊಂಡು ನಾಳೆ ಸಂಪಾದಕರು ಮನಸ್ಸು ಬದಲಾಯಿಸಬಹುದು. ಆಗ ಜೋಡಿಸುವ ಭಾಗಕ್ಕೆ ಮಾತ್ರ ಆ ಸುದ್ದಿ ಮುಟ್ಟಿದರೆ ಸಾಕು. ಮುದ್ರಿಸುವ ಭಾಗ 'ಕ್ಷ'ದ ಜಗಳವನ್ನು ಕೇಳಿಸಿಕೊಳ್ಳಬೇಕಾಗಿಯೇ ಇಲ್ಲ.

ನನ್ನನ್ನು ಸಂಶೋಧನೆಗೆ ಎಳೆದದ್ದು ಈ ಕೇಳಿಸಿಕೊಳ್ಳದಿರುವ ಸವಲತ್ತು. ಒಳ್ಳೆಯ ಮಾಡ್ಯೂಲನ್ನು ಅದು ಏನು ಮಾಡುತ್ತದೆ ಎಂಬುದಕ್ಕಿಂತ ಉಳಿದವರು ಏನನ್ನು ತಿಳಿಯದೆ ಇರಬಹುದು ಎಂಬುದರಿಂದ ಅಳೆಯಬೇಕು. ವಿದ್ಯೆ ಎಂದರೆ ಹೆಚ್ಚು ತಿಳಿಯುವುದು ಎಂದು ಕಲಿತು ಬಂದವರಿಗೆ ಇದು ಸ್ವಲ್ಪ ತಿರುಗುಮುರುಗು ಅನ್ನಿಸುತ್ತದೆ.

ಜಾವಾ ಭಾಷೆ ತನ್ನನ್ನೇ ಒಡೆದುಕೊಂಡ ಕತೆಯೂ ಹೇಳುವಂಥದ್ದೇ. ಅದರ ಮೂಲ ಗ್ರಂಥಾಲಯವೆಲ್ಲ ಬಹುಕಾಲ ಒಂದೇ ದೊಡ್ಡ ಜಾರ್ ಆಗಿತ್ತು. ಅದನ್ನು ಮಾಡ್ಯೂಲುಗಳಾಗಿ ಬಿಡಿಸುವ 'ಜಿಗ್ಸಾ' ಯೋಜನೆ 2008ರಲ್ಲಿ ಶುರುವಾಯಿತು. ಜಾವಾ 7ಕ್ಕೆ ಮುಗಿಯಬೇಕಿತ್ತು, 8ಕ್ಕೆ ಹೋಯಿತು, 9ಕ್ಕೆ ಹೋಯಿತು. ಬಂದ ಅಡ್ಡಿಗಳಲ್ಲಿ ನನಗೆ ಮೆಚ್ಚಿನದು ಒಂದಿದೆ. ಪ್ರೋಗ್ರಾಮು ತನ್ನ ದಿನಚರಿ ಬರೆದಿಡುವ ಭಾಗ, ಅಂದರೆ ಲಾಗಿಂಗ್, ಎಲ್ಲರಿಗೂ ಬೇಕಾದದ್ದು, ಹಗುರಾಗಿರಬೇಕಾದದ್ದು. ಆದರೆ ಅದರ ಎರಡು ಸಣ್ಣ ಮೆಥಡ್‌ಗಳು ಬೇರೊಂದು ಕ್ಲಾಸಿನ ಹೆಸರು ಹಿಡಿದಿದ್ದವು. ಆ ಕ್ಲಾಸು ಇದ್ದದ್ದು ಕಿಟಕಿ, ಬಟನ್ನು, ಚಿತ್ರ ಬಿಡಿಸುವ ದೊಡ್ಡ ಭಾಗದ ಜೊತೆ. ಒಂದು ಸಾಲು ದಿನಚರಿ ಬರೆಯಲು ಇಡೀ ನಾಟಕ ಕಂಪನಿಯ ಪರದೆ ಪರಿಕರಗಳನ್ನು ಹೊತ್ತು ತರಬೇಕಾದ ಸ್ಥಿತಿ. ಕೊನೆಗೆ ಇಂಥ ಆರು ಮೆಥಡ್‌ಗಳನ್ನು ಜಾವಾ 8ರಲ್ಲಿ 'ಬಳಸಬೇಡಿ' ಎಂದು ಗುರುತು ಮಾಡಿ 9ರಲ್ಲಿ ಕಿತ್ತುಹಾಕಿದರು. ಹಳೆಯದನ್ನು ಮುರಿಯುವುದಿಲ್ಲ ಎಂದು ಹೆಮ್ಮೆ ಪಡುವ ಭಾಷೆಗೆ ಇದು ಸಣ್ಣ ಮಾತಲ್ಲ. 2017ರ ಮೇ ತಿಂಗಳಲ್ಲಿ ಮಾಡ್ಯೂಲ್ ವ್ಯವಸ್ಥೆ ಕಾರ್ಯಕಾರಿ ಸಮಿತಿಯ ಮುಂದೆ ಮತಕ್ಕೆ ಬಂದಾಗ ಪರವಾಗಿ 10, ವಿರುದ್ಧ 13 ಮತ ಬಿದ್ದವು. ಜೂನ್‌ನಲ್ಲಿ ಮತ್ತೆ ಮತ ಹಾಕಿ ಒಪ್ಪಿದರು, ಸೆಪ್ಟೆಂಬರ್‌ನಲ್ಲಿ ಜಾವಾ 9 ಹೊರಬಂತು. ಎಲ್ಲಿ ಕತ್ತರಿಸಬೇಕು ಎಂಬುದು ಗಣಿತದ ಪ್ರಶ್ನೆ ಮಾತ್ರ ಆಗಿದ್ದರೆ ಕೈ ಎತ್ತಿಸಬೇಕಾಗಿರಲಿಲ್ಲ.

ನಮ್ಮ ಔಷಧಿ ಅಪ್ಲಿಕೇಶನ್ನಿಗೆ ಬರುತ್ತೇನೆ. ಏನು ಬದಲಾಗುತ್ತದೆ ಎಂಬ ಪಟ್ಟಿ ಮಾಡಲು ಹೊರಟಾಗ ಮೇಡಂ ಮೊದಲು ಹೇಳಿದ ಹೆಸರು ತೆರಿಗೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಅದರ ಹಿಂದಿನ ಜೂನ್ ತಿಂಗಳು ಅವರು ಮನೆಗೆ ನಿದ್ದೆ ಮಾಡಲು ಮಾತ್ರ ಹೋಗುತ್ತಿದ್ದರಂತೆ. ದರ ಬದಲಾಗಿದ್ದರೆ ಸುಲಭವಿತ್ತು. ಬದಲಾದದ್ದು ತೆರಿಗೆಯ ಆಕಾರವೇ: ರಾಜ್ಯದೊಳಗೆ ಮಾರಿದರೆ ಕೇಂದ್ರಕ್ಕೊಂದು ರಾಜ್ಯಕ್ಕೊಂದು ಎಂದು ಎರಡು, ಹೊರರಾಜ್ಯಕ್ಕೆ ಮಾರಿದರೆ ಬೇರೆಯದೇ ಒಂದು. ಹಳೆಯ ವ್ಯಾಟ್ ಲೆಕ್ಕವೋ, ಆರ್ಡರಿನ ಪರದೆಯಲ್ಲಿ, ಬಿಲ್ಲಿನಲ್ಲಿ, ವಾಪಸಾತಿಯಲ್ಲಿ, ವರದಿಯಲ್ಲಿ, ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಒಬ್ಬೊಬ್ಬರು ಒಂದೊಂದು ರೀತಿ ಬರೆದದ್ದು. "ಹುಡುಕಿ ಹುಡುಕಿ ತೆಗೆದೆ, ಆಗಸ್ಟಿನಲ್ಲೂ ಒಂದು ಸಿಕ್ತು," ಎಂದರು. ಹೀಗೆ ತೆರಿಗೆ ನಮ್ಮ ಮೊದಲ ಜಾರ್ ಆಯಿತು. ಒಂದು ವಸ್ತು, ಮಾರುವವರ ರಾಜ್ಯ, ಕೊಳ್ಳುವವರ ರಾಜ್ಯ, ದಿನಾಂಕ ಕೊಟ್ಟರೆ ಎಷ್ಟು ತೆರಿಗೆ ಎಂದು ಹೇಳುತ್ತದೆ. ಹೇಗೆ ಲೆಕ್ಕ ಹಾಕಿತು ಎಂದು ಯಾರೂ ಕೇಳುವಂತಿಲ್ಲ.

ಉಳಿದ ಗೆರೆಗಳನ್ನು ಹುಡುಕಲು ನಾನು ಕೋಡಿನ ಇತಿಹಾಸವನ್ನು ತೆಗೆದೆ. ಯಾವ ಫೈಲುಗಳು ಒಂದೇ ದಿನ, ಒಂದೇ ಕಾರಣಕ್ಕೆ, ಜೊತೆಜೊತೆಯಾಗಿ ಬದಲಾಗಿವೆ? ಒಂದನ್ನೊಂದು ಹೆಸರಿಸದ ಎರಡು ಫೈಲುಗಳು ವರ್ಷಗಟ್ಟಲೆ ಕೈಹಿಡಿದು ಬದಲಾಗುತ್ತಾ ಬಂದಿರುವುದು ಅಲ್ಲಿ ಕಾಣುತ್ತದೆ. ಇದೇ ಮುಂದೆ ನನ್ನ ಪ್ರಬಂಧದ ಬೀಜವಾಯಿತು. ಆದರೆ ಇತಿಹಾಸ ಹೇಳುವುದು ಜೊತೆಗೆ ಬದಲಾದವು ಎಂದಷ್ಟೇ. ಅವಧಿ ಮೀರಿದ ಮಾತ್ರೆಗಳ ಫೈಲೂ ಬಿಲ್ಲಿನ ಫೈಲೂ ಯಾಕೆ ಅಂಟಿಕೊಂಡಿವೆ ಎಂದು ಮೇಡಂ ಹೇಳಬೇಕಾಯಿತು. ಅಂಗಡಿಯವರು ಮಾತ್ರೆ ವಾಪಸು ಕೊಟ್ಟಾಗ ದಾಸ್ತಾನು, ಅವರ ಖಾತೆ, ತೆರಿಗೆ ಮೂರೂ ಒಟ್ಟಿಗೆ ತಿರುಗಬೇಕು. ಎರಡು ತಿರುಗಿ ಮೂರನೆಯದು ಕೈಕೊಟ್ಟರೆ ಯಾವುದೂ ಆಗಿಲ್ಲವೆಂಬಂತೆ ಹಿಂದಕ್ಕೆ ಹೋಗಬೇಕು. ಬಾವಿ ಎಂದೆನಲ್ಲ, ಅದು ಇದೇ: ಎಲ್ಲರೂ ನೀರು ಸೇದುವ ಡೇಟಾಬೇಸು. ಆಗ ಎಲ್ಲೆಡೆ ಮೈಕ್ರೋಸರ್ವೀಸುಗಳ ಗಾಳಿ. ಪ್ರತಿ ಭಾಗವನ್ನೂ ಬೇರೆ ಬೇರೆ ಸರ್ವರಿನಲ್ಲಿ ಓಡಿಸಬೇಕೆಂಬ ವಾದ ನಮ್ಮಲ್ಲೂ ಬಂತು. ಹಾಗೆ ಮಾಡಿದ್ದರೆ ಈ 'ಎಲ್ಲ ಅಥವಾ ಏನೂ ಇಲ್ಲ' ಎಂಬ ಭರವಸೆಯನ್ನು ಡೇಟಾಬೇಸಿನಿಂದ ಪುಕ್ಕಟೆ ಪಡೆಯುವ ಬದಲು ನಾವೇ ಕೈಯಾರೆ ಬರೆಯಬೇಕಿತ್ತು. ಹತ್ತು ಜನರ ತಂಡಕ್ಕೆ ಅದು ಆಗದ ಕೆಲಸ ಎಂದು ನನಗೆ ಈಗಲೂ ಅನ್ನಿಸುತ್ತದೆ. ಬೇರೆ ಬೇರೆ ಕಟ್ಟುವುದು ಒಂದು, ಬೇರೆ ಬೇರೆ ಓಡಿಸುವುದು ಇನ್ನೊಂದು. ನಾವು ಕಟ್ಟಿದ್ದು ಏಳು, ಓಡಿಸಿದ್ದು ಒಂದು.

ಕಟ್ಟುವ ಕೆಲಸಕ್ಕೆ ಮೇವನ್ ಎಂಬ ಸಾಧನ ಬಳಸಿದೆವು. ಅದಕ್ಕೊಂದು ಹಟವಿದೆ: 'ಅ' ಭಾಗ 'ಬ'ವನ್ನು ನಂಬಿ, 'ಬ' ಮತ್ತೆ 'ಅ'ವನ್ನು ನಂಬಿದರೆ ಕಟ್ಟುವುದೇ ಇಲ್ಲ. ಒಂದೇ ಫೈಲಿನೊಳಗಿದ್ದಾಗ ಇಂಥ ಸುತ್ತುಗಳು ಹೇರಳವಾಗಿದ್ದವು, ಯಾರಿಗೂ ಕಂಡಿರಲಿಲ್ಲ. ಆ ಎರಡು ತಿಂಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಬರೀ ಬೆವರು.

ಹೇಳಬೇಕಾದದ್ದು ಊಟದ ಮೇಜಿನ ಬಗ್ಗೆ. ಮೆಲ್ವಿನ್ ಕಾನ್ವೇ 1968ರಲ್ಲಿ ಒಂದು ಮಾತು ಹೇಳಿದ್ದರು: ಯಾವುದೇ ಸಂಸ್ಥೆ ವಿನ್ಯಾಸ ಮಾಡುವ ವ್ಯವಸ್ಥೆ ಆ ಸಂಸ್ಥೆಯ ಒಳಗಿನ ಮಾತುಕತೆಯ ರಚನೆಯನ್ನೇ ಹೋಲುತ್ತದೆ. (ಒಂದು ಹೆಸರಾಂತ ಪತ್ರಿಕೆ ಸಾಕ್ಷ್ಯ ಸಾಲದೆಂದು ಅದನ್ನು ತಿರಸ್ಕರಿಸಿತ್ತು. ಸಂಶೋಧನಾ ವಿದ್ಯಾರ್ಥಿಗಳಿಗೆ ಇಂಥ ಸಂಗತಿಗಳು ಬೇಗ ಬಾಯಿಪಾಠವಾಗುತ್ತವೆ.) ನಮ್ಮಲ್ಲಿ ಅದು ಹಿಂದುಮುಂದಾಗಿ ನಡೆಯಿತು. ಕೋಡು ಏಳಾದ ಮೇಲೆ ತಂಡ ಮೂರಾಯಿತು. ಮೊದಲು ಯಾವ ತೊಂದರೆ ಬಂದರೂ ಎಲ್ಲರೂ ಮೇಡಂ ಕುರ್ಚಿಯ ಸುತ್ತ ಸೇರುತ್ತಿದ್ದರು. ಅವರ ತಲೆಯಲ್ಲಿ ಇಡೀ ಅಪ್ಲಿಕೇಶನ್ ಇತ್ತು. ದಾಖಲೆಯಲ್ಲಿಲ್ಲದ ಮಾಡ್ಯೂಲ್ ಒಂದಿದ್ದರೆ ಅದು ಅವರೇ. ಈಗ ಬಿಲ್ಲಿನವರಿಗೆ ದಾಸ್ತಾನು ಗೊತ್ತಿರಬೇಕಿಲ್ಲ, ದಾಸ್ತಾನಿನವರಿಗೆ ತೆರಿಗೆ ಗೊತ್ತಿರಬೇಕಿಲ್ಲ. ಹೊಸಬರು ಎರಡೇ ವಾರದಲ್ಲಿ ಕೆಲಸ ಕಲಿತರು, ರಾತ್ರಿ ಹನ್ನೊಂದರ ಕೆಲಸ ನಿಂತಿತು. ಮೇಡಂ ಕುರ್ಚಿಯ ಸುತ್ತ ಜನ ಸೇರುವುದೂ ನಿಂತಿತು. ಅವರಿಗೆ ಅದು ಗೊತ್ತಿದ್ದೇ ಗೆರೆ ಎಳೆದುಕೊಟ್ಟಿದ್ದರು. "ಒಳ್ಳೇದೇ ಆಯ್ತು, ಇನ್ನು ರಜಾ ಹಾಕಬಹುದು" ಎಂದು ಒಮ್ಮೆ ಹೇಳಿದ್ದರು. ಹಾಕಿದ್ದನ್ನು ನಾನು ನೋಡಲಿಲ್ಲ. ಮುಂದಿನ ವರ್ಷ ಅವರು ಕೆಲಸ ಬಿಟ್ಟರು, ನಾನು ವಿಶ್ವವಿದ್ಯಾಲಯಕ್ಕೆ ಬಂದೆ.

ನನ್ನ ಪ್ರಬಂಧದ ಕೋಷ್ಟಕಗಳಲ್ಲಿ ಈ ಸಂಗತಿಗೆ ಜಾಗವಿಲ್ಲ. ಅವಲಂಬನೆ ಎಷ್ಟು ಕಡಿಮೆಯಾಯಿತು, ಒಂದು ಬದಲಾವಣೆಗೆ ಸರಾಸರಿ ಎಷ್ಟು ಭಾಗ ಮುಟ್ಟಬೇಕು, ಇವಕ್ಕೆ ಅಂಕಿಗಳಿವೆ. ಯಾರ ತಿಳುವಳಿಕೆ ಬೇಡವಾಯಿತು ಎಂಬುದಕ್ಕೆ ಏಕಮಾನವಿಲ್ಲ. ಮಾರ್ಗದರ್ಶಕರ ಹತ್ತಿರ ಒಮ್ಮೆ ಈ ಮಾತೆತ್ತಿದೆ. ಮುನ್ನುಡಿಯಲ್ಲಿ ಬರೆಯಬಹುದು ಎಂದರು.

2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಕೆಲವು ಜೀವರಕ್ಷಕ ಔಷಧಿಗಳಿಗೆ ಶೂನ್ಯ. ಅಲ್ಲಿಯೇ ಉಳಿದಿರುವ ಗೆಳೆಯನಿಗೆ ಕುತೂಹಲದಿಂದ ಫೋನ್ ಮಾಡಿದೆ. ತೆರಿಗೆಯ ಜಾರ್ ಒಂದನ್ನೇ ಬದಲಿಸಿದ್ದರು, ಬೇರೆ ಯಾರೂ ಏನನ್ನೂ ಮುಟ್ಟಲಿಲ್ಲವಂತೆ. ಆದರೆ ಬೇರೆ ಕಡೆ ಸಿಕ್ಕಿಬಿದ್ದಿದ್ದರು. ತೆರಿಗೆ ಇಳಿದ ಮೇಲೆ ಗರಿಷ್ಠ ಮಾರಾಟ ಬೆಲೆಯೂ ಇಳಿಯಬೇಕಲ್ಲ. ಗೋಡೌನಿನಲ್ಲಿದ್ದ ಹಳೆಯ ದಾಸ್ತಾನಿನ ಮೇಲೆ ಮುದ್ರಿತವಾಗಿದ್ದ ಬೆಲೆ ಹಾಗೇ ಇತ್ತು, ತಯಾರಕರು ಕಳಿಸಿದ ಪರಿಷ್ಕೃತ ಪಟ್ಟಿಯಲ್ಲಿ ಬೇರೆ ಬೆಲೆ. ನಮ್ಮ ದಾಸ್ತಾನಿನ ಪ್ಯಾಕೇಜು ಒಂದು ಬ್ಯಾಚಿಗೆ ಒಂದೇ ಬೆಲೆ ಎಂದು ನಂಬಿ ಕೂತಿತ್ತು. ಡಬ್ಬಿಯ ಮೇಲೆ ಅಚ್ಚಾದ ಬೆಲೆ ಬದಲಾಗುತ್ತದೆ ಎಂದು ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ. ಆ ನಂಬಿಕೆ ಅಲ್ಲಿಂದ ಸೋರಿ ಬಿಲ್ಲಿಗೂ ವಾಪಸಾತಿಗೂ ಹರಡಿತ್ತು. ಎಲ್ಲೆಲ್ಲಿ ಎಂದು ಈಗಿರುವವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

"ಆಮೇಲೆ?" ಎಂದೆ.

"ಮೇಡಂಗೆ ಫೋನ್ ಮಾಡಿದ್ವಿ. ತರಕಾರಿ ತರ್ತಾ ಇದ್ರಂತೆ, ರಸ್ತೆ ಬದಿಗೆ ನಿಂತು ಹೇಳಿದ್ರು. ಮೂರು ಫೈಲ್ ಹೆಸರು ಹೇಳಿ, ಮೊದಲನೇದರ ಮೇಲ್ಗಡೆ ನಾನೊಂದು ಕಾಮೆಂಟ್ ಬರೆದಿದ್ದೆ, ಇನ್ನೂ ಇದೆಯಾ ಅಂತ ಕೇಳಿದ್ರು."

ಇತ್ತಂತೆ. ಒಂದು ಬ್ಯಾಚಿಗೆ ಒಂದೇ ಬೆಲೆ ಎಂದು ಸದ್ಯಕ್ಕೆ ಅಂದುಕೊಂಡಿದ್ದೇವೆ, ತೆರಿಗೆಯವರನ್ನು ಒಮ್ಮೆ ಕೇಳಿ.